ಆಟಿಯ ಮಳೆಯಲ್ಲಿ ನಾಟಕದ ಟ್ರಯಲ್

ಮಂಗಳೂರಿನ ಯಾವ ಬಡಾವಣೆಗಾದರೂ ಹೋಗಿ ನೋಡಿ. ಬಸ್ಸಿನಿಂದಿಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಒಂದು ಸಂಘದ ಬೋರ್ಡು ಕಣ್ಣಿಗೆ ಬೀಳುತ್ತದೆ. ಯುವಕ ಮಂಡಲ, ಮಹಿಳಾ ಮಂಡಲ, ಫ್ರೆಂಡ್ಸ್ ಸರ್ಕಲ್, ಭಜನಾ ಮಂದಿರ, ಸ್ಪೋರ್ಟ್ಸ್ ಕ್ಲಬ್ – ಹೆಸರು ಯಾವುದೇ ಇರಲಿ, ಕೊನೆಯಲ್ಲಿ ಕಂಸದೊಳಗೆ ಒಂದು ‘ರಿ’ ಇದ್ದೇ ಇರುತ್ತದೆ. ಘಟ್ಟದ ಮೇಲಿನಿಂದ ಬಂದ ನೆಂಟರು ‘ಇದೇನ್ರೀ ಈ ರಿ?’ ಎಂದು ಕೇಳುವುದುಂಟು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ರಿಜಿಸ್ಟರ್ ಆಗಿದೆ ಎಂಬುದರ ಗುರುತು ಅದು. ಏಳು ಮಂದಿ ಸೇರಿ ಅರ್ಜಿ ಹಾಕಿದರೆ ಸಂಘ ಹುಟ್ಟುತ್ತದೆ. ಆದರೆ ಏಳು ಮಂದಿ ಸೇರಿದ ಮಾತ್ರಕ್ಕೆ ನಾಟಕ ಹುಟ್ಟುವುದಿಲ್ಲ ನೋಡಿ. ಅದಕ್ಕೆ ಆ ಏಳೂ ಮಂದಿ ಒಂದೇ ಹೊತ್ತಿಗೆ, ಒಂದೇ ಜಾಗಕ್ಕೆ, ಒಂದು ತಿಂಗಳು ತಪ್ಪದೆ ಬರಬೇಕು.

ಚೌತಿಯೋ, ಮೊಸರುಕುಡಿಕೆಯೋ, ಶಾರದೋತ್ಸವವೋ, ಮೊಂತಿ ಹಬ್ಬವೋ, ಅದೂ ಅಲ್ಲದಿದ್ದರೆ ಸಂಘದ್ದೇ ವಾರ್ಷಿಕೋತ್ಸವವೋ, ನಮ್ಮ ಊರಿನಲ್ಲಿ ಸಂದರ್ಭಗಳಿಗೆ ಬರವಿಲ್ಲ. ಆಮಂತ್ರಣ ಪತ್ರಿಕೆಯ ಕ್ರಮವೂ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಆಟೋಟ ಸ್ಪರ್ಧೆ, ಸಂಜೆ ಪುಟಾಣಿಗಳ ನೃತ್ಯ, ಆಮೇಲೆ ಸಭಾ ಕಾರ್ಯಕ್ರಮ, ಸನ್ಮಾನ, ಬಹುಮಾನ ವಿತರಣೆ. ಎಲ್ಲಕ್ಕೂ ಕೊನೆಗೆ ದಪ್ಪ ಅಕ್ಷರದಲ್ಲಿ ‘ಸಂಘದ ಸದಸ್ಯರಿಂದ ಸಾಮಾಜಿಕ ನಾಟಕ’ ಎಂಬ ಸಾಲು ಒಂದು ಕಾಲಕ್ಕೆ ಕಡ್ಡಾಯವಾಗಿತ್ತು. ಈಗ ಬಹಳ ಕಡೆ ಆ ಜಾಗದಲ್ಲಿ ‘ಪ್ರಸಿದ್ಧ ಕಲಾವಿದರಿಂದ ತುಳು ಹಾಸ್ಯಮಯ ನಾಟಕ’ ಎಂದಿರುತ್ತದೆ. ತಂಡಕ್ಕೆ ವೀಳ್ಯ ಕೊಟ್ಟರೆ ಲಾರಿಯಲ್ಲಿ ಸೀನರಿ, ಲೈಟು, ಮೈಕು ಎಲ್ಲ ತಾನಾಗಿ ಬಂದಿಳಿಯುತ್ತದೆ. ಸಂಘದವರಿಗೆ ಕುರ್ಚಿ ಹಾಕುವುದೊಂದೇ ಕೆಲಸ.

ಇದರ ಮೇಲೆ ನನಗೇನೂ ಸಿಟ್ಟಿಲ್ಲ. ವೃತ್ತಿನಿರತ ತುಳು ತಂಡಗಳು ಈ ಜಿಲ್ಲೆಯಲ್ಲಿ ಮಾಡಿರುವ ಕೆಲಸ ಸಣ್ಣದಲ್ಲ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ‘ಒರಿಯರ್ದೊರಿ ಅಸಲ್’ ನಾಟಕವಾಗಿ ಜನ ಸೇರಿಸಿ, 2011ರಲ್ಲಿ ಸಿನೆಮಾ ಆಗಿಯೂ ಗೆದ್ದಿತು. 2020ರಲ್ಲಿ ರಂಗಕ್ಕೆ ಬಂದ ‘ಶಿವದೂತೆ ಗುಳಿಗೆ’ಗೆ ಮೊಬೈಲ್ ಬಿಟ್ಟು ಎದ್ದುಬಂದ ಜನರೆಷ್ಟೋ. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರು ಇವರೆಲ್ಲ ಸಿನೆಮಾಕ್ಕೆ ಹೋದದ್ದು ನಾಟಕದ ಹಲಗೆಯ ಮೇಲಿನಿಂದಲೇ. ನನ್ನ ತಕರಾರು ಬೇರೆ. ಬೇರೆಯವರ ನಾಟಕ ನೋಡಿ ನಕ್ಕು ಮನೆಗೆ ಹೋಗುವ ಹುಡುಗನಿಗೂ, ಅದೇ ವೇದಿಕೆಯಲ್ಲಿ ತಾನೇ ನಿಂತು ಎರಡು ಮಾತು ಆಡಿದ ಹುಡುಗನಿಗೂ ವ್ಯತ್ಯಾಸವಿದೆ. ಸಂಘವು ನಾಟಕವನ್ನು ಕೊಂಡು ತಂದರೆ ಊರಿಗೆ ಮನರಂಜನೆ ಸಿಗುತ್ತದೆ, ಊರಿನ ಮಕ್ಕಳಿಗೆ ವೇದಿಕೆ ಸಿಗುವುದಿಲ್ಲ.

ದೊಡ್ಡವರ ಚರಿತ್ರೆ ತೆಗೆದು ನೋಡಿದರೂ ಬುಡದಲ್ಲಿ ಇಂಥ ಸಣ್ಣ ವೇದಿಕೆಯೇ ಇದೆ. ತುಳುವಿನ ಮೊದಲ ನಾಟಕವೆಂದು ಸಾಮಾನ್ಯವಾಗಿ ಹೆಸರಿಸುವ ಮಾಧವ ತಿಂಗಳಾಯರ ‘ಜನಮರ್ಲ್’ 1933ರದ್ದು. ಆಗ ಕೈ ತುಂಬ ಸಂಬಳ ಕೊಟ್ಟು ಅದನ್ನು ಆಡಿಸುವ ತುಳು ಕಂಪೆನಿ ಎಲ್ಲಿತ್ತು? ಮುಂದೆ ತುಳು ನಾಟಕವನ್ನು ಮನೆಮಾತಾಗಿಸಿದ ಕೆ.ಎನ್. ಟೇಲರ್ ತಮ್ಮ ವೃತ್ತಿಯನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದವರು. ಇನ್ನು ಪುತ್ತೂರಿನಲ್ಲಿ 1930ರ ದಶಕದಲ್ಲಿ ಮೊಳಹಳ್ಳಿ ಶಿವರಾಯರೂ ಶಿವರಾಮ ಕಾರಂತರೂ ದಸರಾ ನಾಡಹಬ್ಬವನ್ನು ನಡೆಸಿದ ಕಥೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಒಬ್ಬರು ಸಹಕಾರಿ ಸಂಘ ಕಟ್ಟಿದವರು, ಇನ್ನೊಬ್ಬರು ಮಕ್ಕಳನ್ನು ಕುಣಿಸಿ ಹಾಡಿಸಿ ನಾಟಕದ ಪ್ರಯೋಗ ಮಾಡಿದವರು. ಒಂದು ಹಬ್ಬಕ್ಕೆ ಈ ಎರಡು ಬಗೆಯವರೂ ಬೇಕು ಎಂಬುದನ್ನು ಗಮನಿಸಿ. ಲೆಕ್ಕ ಬರೆಯುವವರೊಬ್ಬರು, ಲೆಕ್ಕ ಮರೆಯುವವರೊಬ್ಬರು!

ಬಿ.ವಿ. ಕಾರಂತರ ವಿಷಯವನ್ನಂತೂ ಮಕ್ಕಳು ತಿಳಿದಿರಬೇಕು. 1929ರಲ್ಲಿ ನಮ್ಮ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು. ಮೂರನೇ ತರಗತಿಯಲ್ಲಿದ್ದಾಗ ಪಿ.ಕೆ. ನಾರಾಯಣ ಎಂಬವರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದರು. ಅಲ್ಲಿ ಹತ್ತಿದ ಹುಚ್ಚು ಬಿಡಲಿಲ್ಲ, ಮನೆಬಿಟ್ಟು ಓಡಿ ಗುಬ್ಬಿ ಕಂಪೆನಿ ಸೇರಿದರು. 1977ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. (ಮಕ್ಕಳೇ, ಓಡಿಹೋದ ಭಾಗವನ್ನು ಅನುಕರಿಸಬೇಕಾಗಿಲ್ಲ. ಈಗ ಗುಬ್ಬಿ ಕಂಪೆನಿಯೂ ಇಲ್ಲ.) ಹಳ್ಳಿಯಲ್ಲಿ ಆ ನಾಟಕ ಆಡಿಸಿದ ದಿನ ಇಂಥದ್ದೊಂದು ನಡೆದೀತೆಂದು ಯಾರು ಎಣಿಸಿದ್ದರು?

ಸಾಗರದ ಹತ್ತಿರದ ಹೆಗ್ಗೋಡು ಇನ್ನೊಂದು ಉದಾಹರಣೆ. ನೀನಾಸಂ ಎಂದರೆ ಇಂದು ದೇಶಕ್ಕೇ ಗೊತ್ತು. ಪೂರ್ತಿ ಹೆಸರು ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಊರ ದೇವರ ಹೆಸರಿಟ್ಟುಕೊಂಡು 1949ರಲ್ಲಿ ಊರವರು ಕಟ್ಟಿಕೊಂಡ ಹವ್ಯಾಸಿ ಸಂಘ ಅದು. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ತಿರುಗಾಟ 1985ರಲ್ಲಿ, ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ 1991ರಲ್ಲಿ. ಮೊದಲ ಮೂವತ್ತು ವರ್ಷ ಅವರೂ ನಮ್ಮ ನಿಮ್ಮ ಹಾಗೆ ಊರವರೇ ಸೇರಿಕೊಂಡು ನಾಟಕ ಆಡುತ್ತಿದ್ದರು.

ಇರಲಿ, ಈಗ ನಮ್ಮ ಬಡಾವಣೆಗೆ ಬರೋಣ.

ಚೌತಿಗೆ ಮಕ್ಕಳ ನಾಟಕ ಆಗಬೇಕೆಂದು ಸಂಘದ ಸಭೆಯಲ್ಲಿ ತೀರ್ಮಾನವಾಯಿತು ಎನ್ನಿ. ಚೌತಿ ಬರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ. ಹಾಗಾದರೆ ಟ್ರಯಲ್ ಶುರುವಾಗಬೇಕಾದದ್ದು ಆಟಿಯಲ್ಲಿ. (ರಿಹರ್ಸಲ್ ಎನ್ನುವವರು ಎನ್ನಲಿ, ಮಂಗಳೂರಿನಲ್ಲಿ ಅದು ಟ್ರಯಲ್ಲೇ.) ಆಟಿ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ, ಗೃಹಪ್ರವೇಶವಿಲ್ಲ. ಸಂಘದ ಹಾಲು ಖಾಲಿ, ಹೊರಗೆ ಧೋ ಎಂದು ಮಳೆ, ಮಕ್ಕಳಿಗೆ ಆಟದ ಮೈದಾನವೂ ಇಲ್ಲ. ಇದಕ್ಕಿಂತ ಒಳ್ಳೆಯ ಕಾಲ ಯಾವುದು? ‘ಆಟಿಯಲ್ಲಿ ಶುಭಕಾರ್ಯ ಶುರು ಮಾಡುವುದುಂಟಾ ಮಾರಾಯ್ರೆ?’ ಎಂದು ಯಾರಾದರೂ ಹಿರಿಯರು ರಾಗ ತೆಗೆದರೆ, ಶುಭಕಾರ್ಯ ಚೌತಿಯ ದಿನ, ಈಗ ಬರೀ ಬಾಯಿಪಾಠ ಎಂದು ಹೇಳಿ ಪಾರಾಗಬಹುದು.

ಆದರೆ ಹೆತ್ತವರ ಚಿಂತೆ ಪಂಚಾಂಗದ್ದಲ್ಲ, ಪರೀಕ್ಷೆಯದ್ದು. ದಸರಾ ರಜೆಗೆ ಮೊದಲು ಅರ್ಧವಾರ್ಷಿಕ ಪರೀಕ್ಷೆ ಬಂದು ನಿಲ್ಲುತ್ತದೆ. ‘ನಾಟಕ ಎಂದು ತಿರುಗಿದರೆ ಮಾರ್ಕು ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವರ ಭಯಕ್ಕೆ ಕಾರಣವಿದೆ. ಆರು ಗಂಟೆಗೆ ಎಂದು ಹೇಳಿ ಏಳೂವರೆಗೆ ಶುರು ಮಾಡಿ ಹತ್ತಕ್ಕೆ ಮಕ್ಕಳನ್ನು ಬಿಡುವ ಸಂಘಗಳೇ ಹೆಚ್ಚು. ನಾನು ಕಂಡ ಮಟ್ಟಿಗೆ ನಲವತ್ತು ನಿಮಿಷದ ಮಕ್ಕಳ ನಾಟಕಕ್ಕೆ ದಿನಕ್ಕೆ ಒಂದೂವರೆ ಗಂಟೆಯಂತೆ ಇಪ್ಪತ್ತೈದು ದಿನ ಬೇಕೇ ಬೇಕು, ಅದಕ್ಕಿಂತ ಹೆಚ್ಚೂ ಬೇಡ. ಒಟ್ಟು ಲೆಕ್ಕ ಹಾಕಿದರೆ ಮೂವತ್ತೇಳೂವರೆ ಗಂಟೆ. ಆ ಹುಡುಗನೇ ತಿಂಗಳಲ್ಲಿ ಮೊಬೈಲ್ ಮೇಲೆ ಬೆರಳಾಡಿಸುವ ಗಂಟೆಗಳನ್ನು ಒಮ್ಮೆ ಕೂಡಿಸಿ ನೋಡಿ, ಆಮೇಲೆ ಮಾತನಾಡೋಣ. ಸಂಘದವರು ಮೊದಲ ದಿನವೇ ಹೆತ್ತವರನ್ನು ಕರೆದು, ಯಾವ ದಿನ ಟ್ರಯಲ್, ಯಾವ ವಾರ ಪರೀಕ್ಷೆಗಾಗಿ ರಜೆ, ರಾತ್ರಿ ಎಷ್ಟು ಗಂಟೆಗೆ ಬಿಡುತ್ತೇವೆ, ಮನೆಗೆ ಯಾರು ಮುಟ್ಟಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಲಿ. ಮುಖ್ಯವಾಗಿ ಹೆಣ್ಣುಮಕ್ಕಳ ಹೆತ್ತವರು ನೋಡುವುದು ಆ ಕೊನೆಯ ಸಾಲನ್ನು. ಅದು ಖಾಲಿಯಿದ್ದರೆ ಎಂಟನೇ ತರಗತಿ ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸುತ್ತಾರೆ. ಆಮೇಲೆ ‘ನಮ್ಮಲ್ಲಿ ಹುಡುಗಿಯರು ಮುಂದೆ ಬರುವುದಿಲ್ಲ’ ಎಂದು ಅದೇ ಸಂಘದವರು ಭಾಷಣ ಮಾಡುತ್ತಾರೆ.

ನಾಟಕ ಯಾವುದು? ಇಲ್ಲಿಯೇ ಅರ್ಧ ಕೆಲಸ ಕೆಡುವುದು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ಅದರ ಹಳೇ ಮೈಸೂರಿನ ಮಾತಿನ ವೇಗ ನಮ್ಮ ಮಕ್ಕಳ ನಾಲಿಗೆಗೆ ಒಗ್ಗುವುದು ಕಷ್ಟ. ನಮ್ಮದು ‘ಹೋಗುವುದಾ, ಬರುವುದಾ’ ಎಂದು ಅಕ್ಷರ ನುಂಗದೆ ಆಡುವ ಕನ್ನಡ. ಅದನ್ನು ನೋಡಿ ಬೆಂಗಳೂರಿನವರು ನಗುತ್ತಾರೆ, ನಗಲಿ. ವೇದಿಕೆಯ ಮೇಲೆ ಕೊನೆಯ ಸಾಲಿನ ಅಜ್ಜಿಗೂ ಸ್ಪಷ್ಟವಾಗಿ ಕೇಳಿಸುವುದು ಈ ಕನ್ನಡವೇ. ಮಕ್ಕಳಿಗಾಗಿ ವೈದೇಹಿಯವರು ಬರೆದ ‘ಧಾಂ ಧೂಂ ಸುಂಟರಗಾಳಿ’, ‘ನಾಯಿಮರಿ ನಾಟಕ’, ‘ಗೊಂಬೆ ಮ್ಯಾಕ್‌ಬೆತ್’ ಇಂಥವು ನಮ್ಮ ಕರಾವಳಿಯ ಗಾಳಿಯಲ್ಲೇ ಹುಟ್ಟಿದವು. ಕುವೆಂಪು ಅವರ ‘ಮೋಡಣ್ಣನ ತಮ್ಮ’ ಇದೆ. ಟಾಗೋರರ ಕತೆಯಿಂದ ಬಿ.ವಿ. ಕಾರಂತರು ಮಾಡಿದ ‘ಪಂಜರ ಶಾಲೆ’ ಇದೆ. ಗಿಳಿಗೆ ವಿದ್ಯೆ ಕಲಿಸಲು ಹೊರಟು ಪುಸ್ತಕದ ಹಾಳೆಗಳನ್ನೇ ಅದರ ಗಂಟಲಿಗೆ ತುರುಕುವ ಕತೆ ಅದು. ಟ್ಯೂಷನ್ ಮುಗಿಸಿ ಬಂದ ಮಕ್ಕಳು ಇದನ್ನು ಆಡುವಾಗ ನಗು ಎಲ್ಲಿಂದ ಬರುತ್ತದೆಂದು ಮುಂದಿನ ಸಾಲಿನಲ್ಲಿ ಕೂತ ಹೆತ್ತವರಿಗೆ ಬೇಗ ಅರ್ಥವಾಗುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ – ಒಂದೇ ಓಣಿಯಲ್ಲಿ ನಾಲ್ಕು ಮನೆಮಾತುಗಳು. ಶಾಲೆಯಲ್ಲಿ ಇಂಗ್ಲಿಷು. ಈಗಿನ ಟ್ರಯಲ್‌ಗಳಲ್ಲಿ ಕಾಣುವ ಒಂದು ದೃಶ್ಯ ನನ್ನನ್ನು ಕಾಡುತ್ತದೆ. ಹುಡುಗಿ ಚಂದಕ್ಕೆ ಕನ್ನಡ ಮಾತನಾಡುತ್ತಾಳೆ, ಆದರೆ ಕೈಯಲ್ಲಿರುವ ಹಾಳೆಯಲ್ಲಿ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿರುತ್ತಾಳೆ. ಬೈದು ಪ್ರಯೋಜನವಿಲ್ಲ, ಅವಳಿಗೆ ಕಲಿಸಿದವರು ನಾವು. ಮೊದಲ ವಾರ ಹಾಗೆಯೇ ಓದಲಿ. ಎರಡನೇ ವಾರ ಕನ್ನಡ ಹಾಳೆ ಕೊಡಿ. ಮಾತು ಆಗಲೇ ಬಾಯಿಗೆ ಬಂದಿರುವುದರಿಂದ ಕಣ್ಣು ಅಕ್ಷರವನ್ನು ತಾನಾಗಿ ಹಿಡಿಯುತ್ತದೆ. ಕಾಪಿ ಬರೆಸಿ ಬಾರದ ಒತ್ತಕ್ಷರ ನಾಟಕದ ನೆಪದಲ್ಲಿ ಬಂದದ್ದುಂಟು.

ಪುಸ್ತಕ ಸಿಕ್ಕಿತು, ಇನ್ನು ಅನುಮತಿ? 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ನಮ್ಮಂಥವರಿಗೊಂದು ಬಾಗಿಲು ತೆರೆದಿಟ್ಟಿದ್ದಾರೆ. ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ನಾಟಕ ಆಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಸಂಘಕ್ಕೆ ಕಟ್ಟಡ ಕಟ್ಟಿಸಲೆಂದು ಟಿಕೇಟು ಮಾರಿದಿರೋ, ಆಗ ಅನುಮತಿ ಬೇಕು. ಲೇಖಕರು ತೀರಿಕೊಂಡು ಅರುವತ್ತು ವರ್ಷಗಳವರೆಗೆ ಹಕ್ಕು ಅವರ ವಾರಸುದಾರರದ್ದು. ಕೈಲಾಸಂ 1946ರಲ್ಲಿ ತೀರಿಕೊಂಡವರಾದ್ದರಿಂದ ಅವರ ನಾಟಕಗಳು ಈಗ ಎಲ್ಲರ ಸೊತ್ತು, 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದು ಹಾಗಲ್ಲ. ಇನ್ನೊಂದು ಎಚ್ಚರ. ಈ ರಿಯಾಯಿತಿ ವೇದಿಕೆಯ ಪ್ರದರ್ಶನಕ್ಕೆ ಮಾತ್ರ. ಪೂರ್ತಿ ನಾಟಕ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ವಿಷಯ. ಕಾನೂನು ಏನೇ ಹೇಳಲಿ, ನಾಟಕ ಆಡುವ ಮೊದಲು ಲೇಖಕರಿಗೆ ಒಂದು ಪತ್ರ ಹಾಕುವುದು ಮರ್ಯಾದೆ. ಅದನ್ನು ಮಕ್ಕಳ ಕೈಯಲ್ಲೇ ಬರೆಸಿ. ಉತ್ತರ ಬಂದರೆ ಆ ಕಾಗದವನ್ನು ಅವರು ಕಾಲೇಜು ಮುಗಿಯುವವರೆಗೂ ಜೋಪಾನ ಮಾಡುತ್ತಾರೆ.

ಪಾತ್ರ ಹಂಚುವುದು ನಿರ್ದೇಶಕನ ಅಗ್ನಿಪರೀಕ್ಷೆ. ಅಧ್ಯಕ್ಷರ ಮಗನಿಗೆ ರಾಜನ ಪಾತ್ರ, ದೊಡ್ಡ ದೇಣಿಗೆ ಕೊಟ್ಟವರ ಮಗಳಿಗೆ ರಾಣಿಯ ಪಾತ್ರ. ಈ ಪದ್ಧತಿ ಎಷ್ಟು ಹಳತೆಂದರೆ ಇದನ್ನೇ ಒಂದು ನಾಟಕ ಮಾಡಬಹುದು. ಮೊದಲ ನಾಲ್ಕು ದಿನ ಯಾರಿಗೂ ಪಾತ್ರ ಕೊಡದೆ, ಎಲ್ಲರಿಂದಲೂ ಎಲ್ಲ ಪಾತ್ರ ಓದಿಸುವುದು ಒಳ್ಳೆಯ ಉಪಾಯ. ಐದನೆಯ ದಿನಕ್ಕೆ ಯಾರಿಗೆ ಯಾವುದು ಹೊಂದುತ್ತದೆಂದು ಮಕ್ಕಳೇ ಹೇಳುತ್ತಾರೆ, ಮತ್ತು ಮಕ್ಕಳ ತೀರ್ಪಿಗೆ ಅಧ್ಯಕ್ಷರೂ ಎದುರಾಡುವುದಿಲ್ಲ. ಮಾತೇ ಆಡದ, ಗೋಡೆಗೆ ಅಂಟಿ ನಿಲ್ಲುವ ಹುಡುಗನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನನ್ನು ಪ್ರಾಂಪ್ಟರ್ ಮಾಡಿ. ಪರದೆಯ ಹಿಂದೆ ಕೂತು ಇಡೀ ನಾಟಕವನ್ನು ಕೈಯಲ್ಲಿ ಹಿಡಿದವನು ಅವನು. ಹಬ್ಬದ ಮುನ್ನಾದಿನ ಒಬ್ಬನಿಗೆ ಜ್ವರ ಬಂದರೆ ಎಲ್ಲ ಪಾತ್ರದ ಮಾತೂ ಗೊತ್ತಿರುವವನು ಅವನೊಬ್ಬನೇ. ಆಗ ನೋಡಿ ಅವನು ಹೇಗೆ ಎದ್ದು ನಿಲ್ಲುತ್ತಾನೆಂದು.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ, ಅದೇ ಅನನುಕೂಲವೂ ಹೌದು. ಆಟ ನೋಡಿ ಬೆಳೆದವರು ಇವರು. ಯಕ್ಷಗಾನದಲ್ಲಿ ಬರೆದ ಮಾತಿಲ್ಲ, ಪದ್ಯ ಮುಗಿದ ಮೇಲೆ ಅರ್ಥಧಾರಿ ತನ್ನ ಮಾತನ್ನು ತಾನೇ ಕಟ್ಟುತ್ತಾನೆ. ಹಾಗಾಗಿ ಮಾತು ಮರೆತರೆ ನಮ್ಮ ಹುಡುಗರು ಬೆಪ್ಪಾಗಿ ನಿಲ್ಲುವುದಿಲ್ಲ, ಏನಾದರೊಂದು ಹೊಂದಿಸಿ ಮುಂದೆ ಹೋಗುತ್ತಾರೆ. ಆದರೆ ಒಮ್ಮೆ ಜನ ನಕ್ಕರೋ, ಮುಗಿಯಿತು. ಪುಸ್ತಕದಲ್ಲಿಲ್ಲದ ಹತ್ತು ಮಾತು ಸೇರಿಕೊಂಡು, ಎದುರಿನ ಪಾತ್ರಧಾರಿ ತನ್ನ ಸರದಿಗಾಗಿ ಬಸ್ಸಿಗೆ ಕಾದ ಹಾಗೆ ಕಾಯಬೇಕಾಗುತ್ತದೆ. ಈ ಕುದುರೆಗೆ ಲಗಾಮು ಬೇಕು, ಕುದುರೆಯನ್ನೇ ಕಟ್ಟಿಹಾಕುವುದು ಬೇಡ. ಕೆಲವು ಶಾಲೆಗಳ ಹಾಗೆ ಮೊದಲೇ ಧ್ವನಿ ಮುದ್ರಿಸಿ ಮಕ್ಕಳಿಂದ ತುಟಿ ಮಾತ್ರ ಅಲ್ಲಾಡಿಸುವುದನ್ನಂತೂ ದಯವಿಟ್ಟು ಮಾಡಬೇಡಿ. ತಪ್ಪು ಆಗಬಾರದೆಂದು ಮಾಡುತ್ತಾರಂತೆ. ತಪ್ಪಲು ಅವಕಾಶವಿಲ್ಲದ ನಾಟಕಕ್ಕೆ ಮಕ್ಕಳು ಯಾಕೆ ಬೇಕು?

ಇನ್ನು ಚಪ್ಪರ. ಚೌತಿಯ ಹೊತ್ತಿಗೆ ಮಳೆ ಮುಗಿಯಿತೆಂದು ನಂಬಿದವರು ಮಂಗಳೂರಿನವರಲ್ಲ. ಬಟ್ಟೆಯ ಶಾಮಿಯಾನ ನೆಚ್ಚಬೇಡಿ, ತಗಡಿನ ಮಾಡು ಹಾಕಿಸಿ. ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳುವುದಿಲ್ಲ, ಅದೂ ನಿಜ. ಆಗ ಪಾತ್ರಧಾರಿಗಳು ಒಂದು ನಿಮಿಷ ಹಾಗೆಯೇ ನಿಂತು ಮಳೆ ತಗ್ಗಿದ ಮೇಲೆ ಮುಂದುವರಿಯುವುದನ್ನು ಟ್ರಯಲ್‌ನಲ್ಲೇ ಅಭ್ಯಾಸ ಮಾಡಿಸಬಹುದು. ಆಟಿಯ ಮಳೆ ಇದಕ್ಕೆ ಪುಕ್ಕಟೆ ಮೇಷ್ಟ್ರು. ವಯರುಗಳು ನೆಲದ ನೀರಿಗೆ ತಾಗದಂತೆ ಎತ್ತರದಲ್ಲಿ ಕಟ್ಟಿಸುವ ಕೆಲಸವನ್ನು ಕೆಲಸ ಬಲ್ಲ ಇಲೆಕ್ಟ್ರಿಷಿಯನ್‌ಗೇ ಬಿಡಿ, ಸಂಘದ ಉತ್ಸಾಹಿ ಯುವಕರಿಗೆ ಬೇಡ. ಸೀನರಿಗೆ ಹೆಚ್ಚು ಖರ್ಚು ಮಾಡಬೇಡಿ. ಕಾಗದ ಅಂಟಿಸಿದ ಅರಮನೆ ನಮ್ಮ ಹವೆಯ ತೇವಕ್ಕೆ ಒಂದೇ ರಾತ್ರಿಯಲ್ಲಿ ಸುರುಟಿಕೊಳ್ಳುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಶತ್ರುವಿನ ವಿಷಯಕ್ಕೆ ಬರುತ್ತೇನೆ. ಅದು ಮಳೆಯಲ್ಲ, ಪರೀಕ್ಷೆಯಲ್ಲ, ಸಭಾ ಕಾರ್ಯಕ್ರಮ.

ಹಿಂದೆ ನಾಟಕ ಹನ್ನೊಂದಕ್ಕೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿದರೂ ಕೇಳುವವರಿರಲಿಲ್ಲ. ಈಗ ಹಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೆ. ಪುರಭವನದಂಥ ಮುಚ್ಚಿದ ಸಭಾಂಗಣಕ್ಕೆ ಈ ತೊಡಕಿಲ್ಲ, ಆದರೆ ಬಡಾವಣೆಯ ಸಂಘಕ್ಕೆ ಅದರ ಬಾಡಿಗೆ ಏಳಬೇಕಲ್ಲ! ಮೈಕಿಗೆ ಲಿಖಿತ ಅನುಮತಿ ಬೇಕು, ಅರ್ಜಿಯನ್ನು ಹಬ್ಬದ ಹಿಂದಿನ ದಿನ ಹಿಡಿದುಕೊಂಡು ಓಡಬಾರದು.

ಹೀಗಿರುವಾಗ ಏನಾಗುತ್ತದೆ? ಆರೂವರೆಗೆ ಶುರುವಾಗಬೇಕಾದ ಸಭೆ ಮುಖ್ಯ ಅತಿಥಿಗಳಿಗಾಗಿ ಕಾದು ಏಳೂವರೆಗೆ ಶುರುವಾಗುತ್ತದೆ. ಸ್ವಾಗತ, ಪ್ರಸ್ತಾವನೆ, ಎಂಟು ಮಂದಿಗೆ ಶಾಲು ಹಾರ ಸ್ಮರಣಿಕೆ, ಪ್ರತಿಯೊಬ್ಬರ ಪರಿಚಯ ಪತ್ರ, ಪ್ರತಿಯೊಬ್ಬರಿಂದ ‘ಎರಡು ಮಾತು’. ಗಂಟೆ ಒಂಬತ್ತೂಮುಕ್ಕಾಲು. ನಾಲ್ಕು ಗಂಟೆಗೇ ಬಣ್ಣ ಹಚ್ಚಿ ಕೂತ ಮಕ್ಕಳು ಚೌಕಿಯಲ್ಲಿ ಗೋಡೆಗೊರಗಿ ನಿದ್ದೆ ಹೋಗಿರುತ್ತಾರೆ. ಕೊನೆಗೆ ‘ಸಮಯದ ಅಭಾವದಿಂದ ನಾಟಕವನ್ನು ಚುಟುಕಾಗಿ…’ ಎಂಬ ಘೋಷಣೆ. ಇಪ್ಪತ್ತೈದು ದಿನ ಕಲಿತದ್ದನ್ನು ಹತ್ತು ನಿಮಿಷದಲ್ಲಿ ಒದರಿ ಇಳಿಯಬೇಕು. ಮರುವರ್ಷ ಅದೇ ಮಕ್ಕಳನ್ನು ಕರೆದರೆ ಯಾಕೆ ಬರುತ್ತಾರೆ ಹೇಳಿ? ಅವರು ನಮ್ಮಿಂದ ಒಂದು ಪಾಠ ಕಲಿತಿರುತ್ತಾರೆ: ಈ ಊರಿನಲ್ಲಿ ಶಾಲು ಹೊದೆಯುವವರಿಗೆ ಹೊತ್ತು ಉಂಟು, ಕಷ್ಟಪಟ್ಟು ಕಲಿತವರಿಗೆ ಇಲ್ಲ.

ಇದಕ್ಕೆ ಮದ್ದು ಸುಲಭ, ಧೈರ್ಯ ಮಾತ್ರ ಬೇಕು. ನಾಟಕವನ್ನು ಮೊದಲು ಇಡಿ. ಆರೂವರೆಗೆ ಸರಿಯಾಗಿ ಪರದೆ ಏಳಲಿ, ಏಳೂಕಾಲಿಗೆ ಮುಗಿಯಲಿ, ಸಭೆ ಆಮೇಲೆ. ‘ಮಕ್ಕಳ ನಾಟಕ ಮುಗಿದರೆ ಜನ ಎದ್ದು ಹೋಗುತ್ತಾರೆ’ ಎಂದು ಕಾರ್ಯದರ್ಶಿಗಳು ಹೆದರುತ್ತಾರೆ. ಜನರನ್ನು ಕಟ್ಟಿಹಾಕಲು ಮಕ್ಕಳನ್ನು ಒತ್ತೆಯಿಟ್ಟುಕೊಳ್ಳುವ ಭಾಷಣವನ್ನು ಇನ್ನಷ್ಟು ಚೆನ್ನಾಗಿ ಮಾಡಲು ಭಾಷಣಕಾರರೂ ಒಂದಿಷ್ಟು ಟ್ರಯಲ್ ಮಾಡಿಕೊಂಡು ಬರಲಿ! ಮುಖ್ಯ ಅತಿಥಿಗಳಿಗೆ ಆಮಂತ್ರಣ ಕೊಡುವಾಗಲೇ ‘ಸ್ವಾಮೀ, ಮೊದಲು ಮಕ್ಕಳ ನಾಟಕ, ತಾವೂ ನೋಡಬೇಕು’ ಎಂದು ವಿನಯದಿಂದ ಹೇಳಿದರೆ ಬೇಡ ಎನ್ನುವವರನ್ನು ನಾನು ಕಂಡಿಲ್ಲ. ಹಾಗೆ ಮಾಡಿದ ಕಡೆ ಸಭೆಯಲ್ಲೂ ಜನ ಕೂತಿದ್ದಾರೆ, ಪಾತ್ರ ಮಾಡಿದ ಮಕ್ಕಳು ಬಣ್ಣದಲ್ಲೇ ಬಂದು ಅಮ್ಮನ ಪಕ್ಕ ಕೂತದ್ದರಿಂದ.

ನಾಟಕ ಚೆನ್ನಾಗಿ ಆಯಿತು ಎನ್ನಿ, ಉಡುಪಿಯ ‘ರಂಗಭೂಮಿ’ ಸಂಸ್ಥೆಯನ್ನು ನೆನಪಿಡಿ. 1965ರಲ್ಲಿ ಹುಟ್ಟಿದ ಇದು ನಡೆಸುವ ರಾಜ್ಯಮಟ್ಟದ ನಾಟಕ ಸ್ಪರ್ಧೆಗೆ ಹವ್ಯಾಸಿ ತಂಡಗಳು ದೂರದ ಊರುಗಳಿಂದ ಬರುತ್ತವೆ. ಸ್ಪರ್ಧಿಸಲು ಆಗದಿದ್ದರೆ ಬೇಡ, ಮಕ್ಕಳನ್ನು ಒಂದು ದಿನ ಬಸ್ಸು ಹತ್ತಿಸಿ ನೋಡಿಸಿಕೊಂಡು ಬನ್ನಿ. ತಾವು ಮಾಡಿದ್ದನ್ನೇ ಇನ್ನೊಬ್ಬರು ಹೇಗೆ ಮಾಡುತ್ತಾರೆಂದು ಅವರು ನೋಡುವ ನೋಟವೇ ಬೇರೆ ಇರುತ್ತದೆ.

ಹಬ್ಬದ ರಾತ್ರಿ ಚೌಕಿಯಲ್ಲಿ ಎರಡು ವಸ್ತು ಮರೆಯದೆ ಇಟ್ಟಿರಿ: ಒಂದು ದೊಡ್ಡ ಬಾಟ್ಲಿ ತೆಂಗಿನೆಣ್ಣೆ, ಒಂದು ಕಟ್ಟು ಹಳೆಯ ಬಟ್ಟೆ. ಸಾಬೂನಿಗೆ ಹೋಗದ ಬಣ್ಣ ಎಣ್ಣೆಗೆ ಹೋಗುತ್ತದೆ. ಆದರೂ ಕಿವಿಯ ಹಿಂದೆ ಸ್ವಲ್ಪ ಉಳಿದೇ ಉಳಿಯುತ್ತದೆ, ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿನವರು ಅದನ್ನು ನೋಡಿ ‘ಏನೋ ಅದು?’ ಎಂದು ಕೇಳುವವರೆಗೆ.